ಹೊಸ್ತಿಲು ಮುಟ್ಟಿ ಹೇಳಿದ ಮಾತು

ಪಕ್ಕದ ಮನೆಯ ದೊಡ್ಡಪ್ಪನವರ ಮೂಗು ಎಡಕ್ಕೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಟಗರು ಗುಮ್ಮಿ ಮುರಿದದ್ದಂತೆ. ಕಂಬಳಿ ನೇಯುವವರ ಮನೆ, ಟಗರಿನ ಸಹವಾಸ ತಪ್ಪಿದ್ದಲ್ಲ. ಬೆಳಿಗ್ಗೆ ನಾವು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಆ ಸೊಟ್ಟ ಮೂಗು ಕೇರಿಯ ತುದಿಯಿಂದ ಬರುತ್ತಿತ್ತು. ಒಂದೊಂದು ಮನೆಯ ಮುಂದೂ ನಿಂತು, ಕತ್ತು ಚಾಚಿ ಉಸಿರೆಳೆದು, "ಇಲಿ ಬಿದ್ದೈತೇನಮ್ಮ?" ಎಂದು ಕೇಳುವರು.

ಸಿರಾದ ನಮ್ಮ ಕೇರಿಯ ಸಂಘಕ್ಕೆ ಅವರೇ ಯಜಮಾನರು. ಪ್ಲೇಗಿನ ಕಾಲ. ಮೊದಲು ಇಲಿ ಸಾಯುತ್ತಿತ್ತು, ಆಮೇಲೆ ಮನುಷ್ಯರು. ಒಂದು ಮನೆಯಲ್ಲಿ ಇಲಿ ಬಿತ್ತೆಂದರೆ ಇಡೀ ಕೇರಿ ಬೀಗ ಹಾಕಿ, ಕೆರೆಯಾಚೆ ಗುಡಿಸಲು ಕಟ್ಟಿಕೊಂಡು ಇರಬೇಕು. ಆ ಗುಡಿಸಲುಗಳಿಗೆ ಬಿದಿರ ಗಳು ಹೊರುವುದು, ಸೋಗೆ ಹೊದಿಸುವುದು, ದಿಕ್ಕಿಲ್ಲದ ಮುದುಕಿಯರನ್ನು ಗಾಡಿ ಹತ್ತಿಸುವುದು ಎಲ್ಲ ಇವರೇ. ತಮ್ಮ ಗುಡಿಸಲನ್ನು ಕೊನೆಗೆ ಕಟ್ಟಿಕೊಳ್ಳುವರು, ಅದು ಸೋರುತ್ತಲೇ ಇರುತ್ತಿತ್ತು.

ನಾನು ಮದುವೆಯಾಗಿ ಬರುವ ಮುಂಚೆ ಒಮ್ಮೆ ಇಲಿ ಹುಡುಕಲು ಕಚೇರಿಯ ಆಳುಗಳು ಬಂದು, ಅಡಿಗೆಮನೆ ದೇವರಮನೆ ಎನ್ನದೆ ಜಾಲಾಡಿ, ಮಡಕೆ ಹಾಸಿಗೆಗಳನ್ನೆಲ್ಲ ಬೀದಿಗೆ ಎಸೆದಿದ್ದರಂತೆ. ಒಬ್ಬ ಬಾಣಂತಿಯನ್ನು ಎಬ್ಬಿಸಿ ಬಿಸಿಲಲ್ಲಿ ನಿಲ್ಲಿಸಿದರಂತೆ. ಆಗಲೇ ಇವರು ಸಂಘ ಕಟ್ಟಿದ್ದು. ಕಚೇರಿಗೆ ಹೋಗಿ, "ನಮ್ಮ ಕೇರಿ ನಾವೇ ನೋಡ್ಕಂತೀವಿ ಸ್ವಾಮಿ" ಎಂದು ಕೈಮುಗಿದು ಒಪ್ಪಿಸಿ ಬಂದರು. ಅಂದಿನಿಂದ ಒಂದು ಕಟ್ಟಳೆ: ಯಾರ ಮನೆಯೊಳಗೂ ಯಾರೂ ಹುಡುಕುವಂತಿಲ್ಲ. ಮನೆಯ ಹೆಂಗಸು ಹೊಸ್ತಿಲು ಮುಟ್ಟಿ 'ಇಲ್ಲ' ಅಂದರೆ ಇಲ್ಲ. 'ಹೂಂ' ಅಂದರೆ ಸಂಜೆಯೊಳಗೆ ಕೇರಿ ಖಾಲಿ.

"ಹೆಂಗಸ್ರು ಹೊಸ್ತಿಲ ಮ್ಯಾಲೆ ಸುಳ್ಳಾಡಕ್ಕಿಲ್ಲ" ಅನ್ನೋದು ಅವರ ಮಾತು.

ನನ್ನ ಬಾಯಿ ಆಗಲೂ ಜೋರು. "ದಿನಾ ಬಂದು ನಮ್ಮನೆ ಮೂಸೋಕೆ ಬೇಜಾರಾಗಲ್ವಾ ದೊಡ್ಡಪ್ಪ?" ಎಂದು ಛೇಡಿಸಿದರೆ, "ನಿನ್ನ ಬಾಯಿಗೆ ಹೆದ್ರಿ ಯಾವ ಇಲೀನೂ ಇತ್ಲಾಗೆ ಬರಕ್ಕಿಲ್ಲ ಬುಡು" ಅನ್ನುವರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಕಳ್ಳಂಬೆಳ್ಳಕ್ಕೆ ಕೊಟ್ಟಿದ್ದ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ಬಂದಾಗ, ದಿನಾ ಅವಳ ಕಾಲಿಗೆ ಎಣ್ಣೆ ತಿಕ್ಕಿದ್ದು ಆ ದೊಡ್ಡಮ್ಮನೇ.

ನಾದಿನಿಗೆ ದಿನ ತುಂಬಿತ್ತು. ಒಂದು ಬೆಳಿಗ್ಗೆ ರಾಗಿ ತುಂಬಿಡುವ ವಾಡೆಯ ಹಿಂದೆ ಕಸ ಗುಡಿಸುತ್ತಿದ್ದೆ. ಪೊರಕೆಗೆ ಇಲಿ ಸಿಕ್ಕಿತು. ಸತ್ತಿತ್ತು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬಯಲಲ್ಲಿ ಹೆರೋಕೆ ಕಳಿಸ್ತೀಯೇನೇ ನನ್ನ ಮಗಳ್ನ? ಒಂದೆಲ್ಡು ದಿನ ತಡೆ. ಹೆರಿಗೆ ಆಗೋಗ್ಲಿ." ನಾನು ಇಲಿಯನ್ನು ಹಿತ್ತಲ ತಿಪ್ಪೆಯಲ್ಲಿ ಹೂತು ಬೂದಿ ಮುಚ್ಚಿದೆ. ಅತ್ತೆ ಕೆಂಡದ ಮೇಲೆ ಹಿಡಿ ಸಾಂಬ್ರಾಣಿ ಸುರಿದರು. ದೊಡ್ಡಪ್ಪ ಬಂದರು, ಉಸಿರೆಳೆದರು, ಕೇಳಿದರು. ನಾನು ಬಗ್ಗಿ ಹೊಸ್ತಿಲು ಮುಟ್ಟಿ "ಇಲ್ಲ ದೊಡ್ಡಪ್ಪ" ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ ಮುಂದೆ ಹೋದರು. ಮಾರನೇ ದಿನವೂ ಕೇಳಿದರು, ಮಾರನೇ ದಿನವೂ ಮುಟ್ಟಿದೆ.

ಮೂರನೇ ದಿನ ಗೋಡೆಯಾಚೆ ದೊಡ್ಡಮ್ಮನಿಗೆ ಜ್ವರ ಬಂತು. ಕಂಕುಳಲ್ಲಿ ಗಡ್ಡೆ ಎದ್ದಿತು.

ಕೇರಿ ಅವತ್ತೇ ಖಾಲಿಯಾಯಿತು. ದೊಡ್ಡಮ್ಮ ಎರಡು ದಿನವೂ ಇರಲಿಲ್ಲ. ಹೆಣ ಮುಟ್ಟಲು ಯಾರೂ ಬರದೆ ದೊಡ್ಡಪ್ಪನೊಬ್ಬರೇ ಗಾಡಿಗೆ ಎತ್ತಿಕೊಂಡು ಹೋದರು. ಅದರ ಮಾರನೇ ದಿನ, ಯಾವ ಗುಡಿಸಲು ಬೇಡವೆಂದು ನಾನು ಸುಳ್ಳು ಹೇಳಿದ್ದೆನೋ ಅಲ್ಲೇ ನಾದಿನಿ ಹೆಣ್ಣುಮಗು ಹೆತ್ತಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಹುಣಸೆಮರದ ಕೆಳಗೆ ಸಂಘ ಸೇರಿತು. "ದಿನಾ ಮೂಸ್ತಿದ್ದ ಮನುಷ್ಯಂಗೆ ಸ್ವಂತ ಮನೆ ಇಲಿ ತಿಳೀಲಿಲ್ವಾ?" ಎಂದು ಒಬ್ಬ ಕೇಳಿದ. ಅವರು ತಲೆ ತಗ್ಗಿಸಿ, "ನನ್ನ ಮೂಗು ಕೆಟ್ಟೋಯ್ತು ಕಣ್ರಪ್ಪ. ಬ್ಯಾರೆಯೋರ್ನ ನೋಡ್ಕಳ್ಳಿ" ಅಂದರು. ಯಜಮಾನಿಕೆ ತೆಗೆದು ಇನ್ನೊಬ್ಬರಿಗೆ ಕೊಟ್ಟರು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೆಂಗಸರ ನಡುವೆ ಕೂತಿದ್ದೆ. ಅಷ್ಟು ದೊಡ್ಡ ಬಾಯಿ ನನ್ನದು, ಮಗುವಿನ ಬಟ್ಟೆ ಸರಿಮಾಡುತ್ತಲೇ ಇದ್ದೆ.

ಮಾರನೇ ಮಧ್ಯಾಹ್ನ ಅಂಬಲಿ ತೆಗೆದುಕೊಂಡು ಅವರ ಗುಡಿಸಲಿಗೆ ಹೋದೆ. "ದೊಡ್ಡಪ್ಪ, ಅವತ್ತು..." ಅಂದೆ.

"ಗೊತ್ತು ಕಣಮ್ಮ. ಬಾಗಿಲಿಗೆ ನೀರು ಹಾಕೋ ಹೊತ್ಗೆ ಯಾರು ಅಷ್ಟೊಂದು ಸಾಂಬ್ರಾಣಿ ಹಾಕ್ತಾರೆ? ಬಸುರಿ ಅವ್ಳೆ, ಒಂದಿನ ನೋಡಾನ ಅಂದ್ಕಂಡೆ. ನನ್ನ ತಪ್ಪೂ ಐತೆ."

"ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾಳೆಯಿಂದ ಯಾವ ಹೊಸ್ತಿಲ್ನೂ ಯಾರೂ ನಂಬಕ್ಕಿಲ್ಲ. ತಿರ್ಗಾ ಆ ಆಳುಗಳು ಒಳಕ್ಕೆ ನುಗ್ತಾರೆ. ನೀನೂ ಹೇಳ್ಬ್ಯಾಡ. ಇನ್ಮ್ಯಾಲೆ ಸುಳ್ಳು ಹೇಳ್ಬ್ಯಾಡ, ಅಷ್ಟೆ." ಅಂಬಲಿ ಕುಡಿದು ಚೆಂಬು ತೊಳೆದು ಕೊಟ್ಟರು.

ಅವರು ಬಹಳ ವರ್ಷ ಬದುಕಿದರು. ಹೊಸ ಯಜಮಾನರು ಬೆಳಿಗ್ಗೆ ಬಂದು ಕೇಳುವಾಗ ಇವರು ಪಕ್ಕದ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿರುವರು. ನಾನು ಹೊಸ್ತಿಲಿಗೆ ಬಗ್ಗಿದಾಗೆಲ್ಲ ಮುಖ ಆ ಕಡೆ ತಿರುಗಿಸಿಬಿಡುವರು. ಆಮೇಲೆ ಒಂದು ಸಲ ಇಲಿ ಬಿದ್ದದ್ದನ್ನು ನಾನೇ ಓಡಿಹೋಗಿ ಹೇಳಿದೆ. ಆ ಸಲ ಕೇರಿಯಲ್ಲಿ ಒಂದು ಹೆಣವೂ ಬೀಳಲಿಲ್ಲ. ಆದರೂ 'ಮೂಗು ಕೆಟ್ಟ ಯಜಮಾನ' ಎಂಬ ಹೆಸರು ಅವರಿಗೆ ಅಂಟಿಯೇ ಇತ್ತು. ಚಿಕ್ಕ ಮಕ್ಕಳೂ ಹಾಗೇ ಕರೆಯುವರು.

ಅವರು ತೀರಿಕೊಂಡಾಗ ಊರಿಗೆ ಪ್ಲೇಗು ಬರುವುದೇ ನಿಂತುಹೋಗಿತ್ತು. ಹೆಣದ ಮುಂದೆ ಕೂತವರಲ್ಲೊಬ್ಬರು, "ಪಾಪ, ಮೂಗು ಕೆಟ್ಟು ಹೆಂಡ್ತೀನೇ ಕಳ್ಕಂಡ ಮನುಷ್ಯ" ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಅವರ ಮನೆಯ ಹೊಸ್ತಿಲ ಮೇಲೆ ಎರಡೂ ಕೈ ಊರಿ ಹೇಳಿದೆ: "ಇಲಿ ಬಿದ್ದಿದ್ದು ನಮ್ಮ ಮನೇಲಿ. ಮುಚ್ಚಿಟ್ಟೋಳು ನಾನು. ಇವರ ಮೂಗು ಕೆಟ್ಟಿರಲಿಲ್ಲ."

ಒಬ್ಬ ಮುದುಕಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ದುಃಖಕ್ಕೆ ಏನೇನೋ ಅಂತಾಳೆ ಪಾಪ. ಹೊಸ್ತಿಲು ಬುಡಮ್ಮ, ಹೆಣ ಎತ್ತಬೇಕು."

ನಾನು ಎದ್ದು ದಾರಿ ಬಿಟ್ಟೆ.