ಮೊಳೆಗೆ ತೂಗಿದ ಬಾಳೆಹಣ್ಣು

ನನ್ನ ಗಂಡ ತೀರಿಕೊಂಡ ಮೇಲೆ ಮೈದುನ ಬಂದು ನಮ್ಮ ಹಾಲ್‌ನ ಗೋಡೆಗೆ ಒಂದು ಮೊಳೆ ಹೊಡೆದು ಹೋದ. ಅಣ್ಣನ ಫೋಟೋಕ್ಕೆ ಫ್ರೇಮ್ ಹಾಕಿಸಿ ಎರಡು ಪ್ರತಿ ಮಾಡಿಸಿದ್ದ. ಒಂದು ಸೇಡಂ ರಸ್ತೆಯ ನನ್ನ ಫ್ಲ್ಯಾಟಿಗೆ, ಇನ್ನೊಂದು ಕಮಲಾಪುರದಲ್ಲಿ ಅವನ ಜೊತೆಗಿರುವ ಅತ್ತೆಗೆ. ಮೊಳೆ ಗಟ್ಟಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದ. ಗಟ್ಟಿಯಾಗಿತ್ತು. ಗಟ್ಟಿ ಇಲ್ಲದಿದ್ದದ್ದು ನಾನು.

ನಮ್ಮ ಕಡೆ ಗೋಡೆ ಹತ್ತುವವರು ಇಬ್ಬರೇ: ದೇವರು ಮತ್ತು ತೀರಿಹೋದವರು. ಬದುಕಿದ್ದವರು ಮೊಬೈಲಿನಲ್ಲಿ ಇರುತ್ತಾರೆ. ಒಮ್ಮೆ ಮೊಳೆಗೆ ತೂಗಿ, ಹಾರ ಹಾಕಿ, ಗಾಜಿನ ಮೇಲೆ ವಿಭೂತಿ ಹಚ್ಚಿದರೆ ಮುಗಿಯಿತು, ಮನುಷ್ಯ ಹೋದದ್ದಕ್ಕೆ ಮನೆಯವರೇ ಸಹಿ ಹಾಕಿದ ಹಾಗೆ. ನಾನು ಆ ಫೋಟೋವನ್ನು ಅಲಮಾರಿಯಲ್ಲಿ ಅವರ ಅಂಗಿಗಳ ನಡುವೆ ಇಟ್ಟೆ. ಅವರು ನೆಹರು ಗಂಜಿನಲ್ಲಿ, ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಯಾವ ಅಂಗಿಯ ಕಿಸೆ ಜಾಡಿಸಿದರೂ ಒಂದೆರಡು ತೊಗರಿ ಕಾಳು ಬೀಳುತ್ತಿದ್ದವು. ಆಗೆಲ್ಲ ಬೈಯುತ್ತಿದ್ದೆ. ಈಗ ಜಾಡಿಸುವುದನ್ನೇ ಬಿಟ್ಟಿದ್ದೇನೆ, ಕಾಳು ಮುಗಿದುಹೋದರೆ ಏನು ಮಾಡಲಿ ಎಂದು.

ಅತ್ತೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಊಟ ಆಯಿತಾ ಎಂದ ಮೇಲೆ ಎರಡನೆಯ ಪ್ರಶ್ನೆ ಅದೇ. "ಫೋಟೋ ಹಾಕಿದೇನು?"

"ಹಾಕೀನ್ರಿ ಅತ್ತಿ."

"ಹಾರ?"

"ಹಾರನೂ ಹಾಕೀನ್ರಿ."

ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದಂತಿರಬೇಕು ಎನ್ನುತ್ತಾರೆ. ನನ್ನದು ಹಾಗೇ ಇತ್ತು. ಆದರೆ ಬಂದವರ ಕಣ್ಣು ಮೊದಲು ಆ ಬೋಳು ಮೊಳೆಗೇ ಹೋಗುತ್ತಿತ್ತು, ಆಮೇಲೆ ನನ್ನ ಮುಖಕ್ಕೆ. ಕೆಳಗಿನ ಮನೆಯಾಕೆಯಂತೂ ಚಹಾ ಕುಡಿದು ಮುಗಿಸುವವರೆಗೂ ಮೊಳೆಯನ್ನೇ ನೋಡಿದಳು. ಸಾಕಾಗಿ, ಒಂದು ದಿನ ನಾನು ಪಾಠ ಮಾಡುವ ಶಾಲೆ ಬಿಟ್ಟ ಮೇಲೆ ಕೋಟೆಯ ಹತ್ತಿರದ ಫ್ರೇಮ್ ಅಂಗಡಿಗೆ ಹೋದೆ.

"ದೇವರದು ಬೇಕೇನ್ರಿ ಮೇಡಮ್, ಸೀನರಿ ಬೇಕೇನ್ರಿ?" ಎಂದು ಅಂಗಡಿಯವ ಕೇಳಿದ. ಸೀನರಿ ಎಂದರೆ ಜಲಪಾತ, ಓಡುವ ಏಳು ಕುದುರೆಗಳು. ಕುದುರೆಗಳು ಯಶಸ್ಸು ತರುತ್ತವಂತೆ. ನನಗೆ ಯಶಸ್ಸಿನ ಅವಸರವೇನೂ ಇರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಒಂದು ಫ್ರೇಮನ್ನು ತಿರುಗಿಸಿ ನೋಡಿದೆ. ಯಾವುದೋ ಪರದೇಶದ ಹೊಸ ಕಾಲದ ಕಲಾವಿದ ಬರೆದ ಚಿತ್ರದ ಪ್ರಿಂಟು. ಮೇಜಿನ ಮೇಲೆ ಬಿಳಿ ಬಟ್ಟೆ, ಒಂದು ಹೂಜಿ, ಒಂದು ಲೋಟ, ತಟ್ಟೆಯಲ್ಲಿ ಕಂದುಗೆಂಪು ಬಾಳೆಹಣ್ಣು, ಹಿಂದೆ ಒಂದು ಖಾಲಿ ಕುರ್ಚಿ. ಮೇಜು ಎಷ್ಟು ವಾರೆಯಾಗಿತ್ತೆಂದರೆ ಹಣ್ಣು ಈಗ ಉರುಳಿ ನನ್ನ ಉಡಿಯಲ್ಲಿ ಬೀಳಬೇಕು. ಹೂಜಿಯ ಬಾಯಿ ಮೇಲಿನಿಂದ ಕಂಡರೆ ಹೊಟ್ಟೆ ಪಕ್ಕದಿಂದ ಕಾಣುತ್ತಿತ್ತು.

"ಒಬ್ರು ಡಾಕ್ಟರ್ ಸಾಬ್ ದವಾಖಾನಿಗಂತ ಮಾಡಿಸಿದ್ರು. ಆಮ್ಯಾಲ ಪೇಷಂಟರಿಗಿ ಚಕ್ಕರ್ ಬರತದ ಅಂತ ಬಿಟ್ಟು ಹೋದ್ರು," ಎಂದ.

ನನಗೆ ತಲೆ ತಿರುಗಲಿಲ್ಲ. ನನ್ನ ಮನೆಯೂ ಆಗ ಹೀಗೇ ಇತ್ತು, ಎಲ್ಲ ವಸ್ತುಗಳು ಇದ್ದವು, ಯಾವುದೂ ನೆಟ್ಟಗೆ ಇರಲಿಲ್ಲ. ತಂದು ಆ ಮೊಳೆಗೆ ತೂಗಿದೆ. ಅದರ ಎದುರು ಕೂತು ಒಬ್ಬಳೇ ರೊಟ್ಟಿ ತಿನ್ನುತ್ತಿದ್ದೆ. ಹಾಳಾದ ಚಿತ್ರ, ಅದರಲ್ಲೂ ಒಬ್ಬ ಮನುಷ್ಯನಿಲ್ಲ ಎಂದು ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು.

ಒಂದು ರವಿವಾರ ಅತ್ತೆ ಹೇಳದೆ ಕೇಳದೆ ಬಂದುಬಿಟ್ಟರು. ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ, ಕೈಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ನನ್ನ ಗಂಡ ಆ ಹಣ್ಣಿಲ್ಲದೆ ಊಟದಿಂದ ಏಳುತ್ತಿರಲಿಲ್ಲ. ಅತ್ತೆ ಸೋಫಾದಲ್ಲಿ ಕೂತು ನೀರು ಕುಡಿದು, ಮಗನನ್ನು ಹುಡುಕುತ್ತ ಗೋಡೆಗೆ ಕಣ್ಣೆತ್ತಿದರು. ನಾನು ಬೈಗುಳಕ್ಕೆ ತಯಾರಾಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

ಬಹಳ ಹೊತ್ತು ನೋಡಿದರು. ಕುರ್ಚಿ ನೋಡಿದರು, ಲೋಟ ನೋಡಿದರು, ಹಣ್ಣು ನೋಡಿದರು.

"ಎಡಿ ಇಟ್ಟೀದಿ?" ಎಂದರು ಮೆಲ್ಲಗೆ.

ಹಿರಿಯರ ಅಮಾವಾಸ್ಯೆಗೆ ನಾವು ತೀರಿಹೋದವರಿಗೆ ಎಡೆ ಇಡುತ್ತೇವೆ, ಅವರಿಗೆ ಸೇರುತ್ತಿದ್ದ ತಿನಿಸನ್ನೆಲ್ಲ ಬಡಿಸಿ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ನಾವು ನೋಡುತ್ತಿದ್ದರೆ ಅವರು ಸಂಕೋಚದಿಂದ ಉಣ್ಣುವುದಿಲ್ಲ.

"ಅಲ್ರಿ ಅತ್ತಿ, ಅದು ಸೀನರಿ..." ಎನ್ನುವಷ್ಟರಲ್ಲಿ ಅತ್ತೆ ಎದ್ದು ನನ್ನ ರಟ್ಟೆ ಹಿಡಿದಿದ್ದರು.

"ನಡಿ ಹೊರಗ. ಎಡಿ ಮುಂದ ಹಿಂಗ ನಿಂದ್ರತಾರೇನು? ಅವ ಹ್ಯಾಂಗ ಉಣಬೇಕು?"

ಬಾಗಿಲು ಎಳೆದುಕೊಂಡು ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಕೆಳಗಿನ ಮನೆಯಾಕೆ ಬಟ್ಟೆಯ ಬುಟ್ಟಿ ಹಿಡಿದು ಹತ್ತಿ ಬಂದು, ಏನಾಯಿತೆಂದು ಕೇಳಲಾಗದೆ ದಾಟಿಹೋದಳು. ನನಗೆ ನಗು ಬರಬೇಕಿತ್ತು. ಅಳು ಬಂತು. ನನ್ನ ಗಂಡ ಹೋದ ಮೇಲೆ ಮೊದಲ ಸಲ ಆ ಬಾಗಿಲ ಆಚೆ ಯಾರೋ ಇದ್ದಾರೆ ಅನ್ನಿಸಿತ್ತು.

ಮೂಗು ಒರೆಸಿಕೊಂಡು ಹೇಳಿದೆ, "ಫೋಟೋ ಹಾಕಿಲ್ರಿ ಅತ್ತಿ. ಸುಳ್ಳು ಹೇಳೀನಿ."

ಅತ್ತೆ ಗೊತ್ತಿದೆ ಎನ್ನುವಂತೆ ತಲೆಯಾಡಿಸಿದರು. ನನಗೇನೋ ಹೊಳೆಯಿತು. "ಊರಾಗ ನೀವು ಹಾಕೀರೇನ್ರಿ?"

"ಅಲ್ಲಿ ಗ್ವಾಡಿ ಮಣ್ಣಿಂದದ ಯವ್ವಾ," ಎಂದರು ಅತ್ತೆ, ಆಚೆ ನೋಡುತ್ತ. "ಮೊಳಿ ನಿಂದ್ರಂಗಿಲ್ಲ."

ಕಮಲಾಪುರದ ಆ ಗೋಡೆಯನ್ನು ನಾನು ಮದುವೆಯಾದಾಗಿನಿಂದ ನೋಡಿದ್ದೇನೆ. ಮಾವ, ಮಾವನ ಅಪ್ಪ, ಅವರ ಅಪ್ಪ ಸಾಲಾಗಿ ಹಾರ ಹಾಕಿಸಿಕೊಂಡು ತೂಗುತ್ತಿದ್ದಾರೆ. ಇವತ್ತಿನವರೆಗೆ ಒಬ್ಬರೂ ಬಿದ್ದಿಲ್ಲ. ಅತ್ತೆಯ ಕೈ ನನ್ನ ರಟ್ಟೆಯ ಮೇಲೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದರು. ಬಾಗಿಲು ತಳ್ಳುವ ಮುಂಚೆ ಗಟ್ಟಿಯಾಗಿ ಒಮ್ಮೆ ಕೆಮ್ಮಿದರು. "ಕೆಮ್ಮಿ ಹೋಗಬೇಕು. ಒಮ್ಮಿಗೇ ಹೋದರ ಉಣ್ಣಾವ್ರು ಗಾಬರಿ ಆಗತಾರ," ಎಂದರು. ಒಳಗೆ ಹೋಗಿ ತಂದ ಹಣ್ಣಿನಲ್ಲಿ ಒಂದನ್ನು ನನಗೆ ಕೊಟ್ಟು, ಒಂದನ್ನು ತಾವು ಸುಲಿದರು.

ಸಂಜೆ ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಮೊಳೆಯ ಮೇಲೆ ಈಗಲೂ ಆ ವಾರೆ ಮೇಜೇ ಇದೆ, ಫೋಟೋ ಅಂಗಿಗಳ ನಡುವೆಯೇ ಇದೆ. ಫೋನಿನಲ್ಲಿ ಅತ್ತೆ ಫೋಟೋದ ಮಾತು ಎತ್ತುವುದಿಲ್ಲ. ಊಟ ಆಯಿತಾ ಎಂದ ಮೇಲೆ, "ಸಾಲಿಯಿಂದ ಬಂದು ಕೀಲಿ ತೆಗಿಯೂ ಮುಂದ ಕೆಮ್ಮತಿ ಹೌದಿಲ್ಲ?" ಎಂದು ಕೇಳುತ್ತಾರೆ.

"ಕೆಮ್ಮತೇನ್ರಿ ಅತ್ತಿ," ಎನ್ನುತ್ತೇನೆ. ಇದು ಮಾತ್ರ ಸುಳ್ಳಲ್ಲ.