ಕಾರ್ವೆನ್ ರಾಜ್ಯದ ಮೇಲೆ ಓರೆಸ್ಟ್ ಬೊಯ್ಕೊನ ಸಿಟ್ಟು

ನವೆಂಬರ್ ತಿಂಗಳ ಚಳಿಯಲ್ಲಿ ನಮ್ಮ ಡಾಫಿನ್ ಊರಿನ, ಮನೆ ಕಾಯಿಸುವ ಫರ್ನೇಸ್‌ಗಳ ರಿಪೇರಿಯವನು ಹತ್ತು ದಿನ ರಜೆ ಹಾಕಿದ ಅಂದರೆ ಒಂದೋ ಅವನು ಸತ್ತಿರಬೇಕು, ಇಲ್ಲವೇ ಮದುವೆಯಾಗುತ್ತಿರಬೇಕು. ಓರೆಸ್ಟ್ ಬೊಯ್ಕೊನದು ಎರಡೂ ಅಲ್ಲ. ಐವತ್ತೆರಡು ವರ್ಷದ ಆ ಗಂಡಸು ರಜೆ ಹಾಕಿದ್ದು ವಿಡಿಯೋ ಗೇಮ್ ಆಡುವುದಕ್ಕೆ.

ಅವನ ಜೊತೆ ಒಂದೇ ವ್ಯಾನಿನಲ್ಲಿ ಹತ್ತೊಂಬತ್ತು ವರ್ಷದಿಂದ ಓಡಾಡುತ್ತಿರುವ ಲಾರ್ನ್ ನಾನು. ಹೊರಗೆ ಮೈನಸ್ ಮೂವತ್ತು ಇರುವಾಗ ಜನರ ಮನೆಯ ನೆಲಮಾಳಿಗೆಗೆ ಇಳಿದು, ಕೆಟ್ಟು ನಿಂತ ಫರ್ನೇಸನ್ನು ಎಬ್ಬಿಸುವುದು ನಮ್ಮ ಕೆಲಸ. ಓರೆಸ್ಟ್ ಇದರಲ್ಲಿ ಪಂಟ. ಫರ್ನೇಸಿಗೆ ಕಿವಿಯಿಟ್ಟು ಕೇಳಿಯೇ ಅದರ ರೋಗ ಹೇಳುತ್ತಾನೆ. ಮಿಕ್ಕಂತೆ ಅವನದು ದೊಡ್ಡ ಮೀಸೆ, ಸಣ್ಣ ಮನೆ. ಮದುವೆಯೊಂದು ಆಗಿತ್ತು, ಬಹಳ ಹಿಂದೆಯೇ ಮುಗಿದಿತ್ತು. ಆಮೇಲೆ ಉಳಿದದ್ದು ಕಾರ್ವೆನ್.

ಕಾರ್ವೆನ್ ಅಂದರೆ ಗೇಮಿನೊಳಗಿನ ರಾಜ್ಯ. ಕತ್ತಿ, ಮಂತ್ರ, ಡ್ರ್ಯಾಗನ್ ಎಲ್ಲ ಇರುವ ದೇಶ. ನಮಗೆ ಬೇಕಾದ ವೇಷ ಕಟ್ಟಿಕೊಂಡು ಅದರಲ್ಲಿ ಅಲೆಯಬೇಕು, ಸಿಕ್ಕವರ ಹತ್ತಿರ ಮಾತಾಡಬೇಕು, ಮಾಡಿದ್ದನ್ನು ಅನುಭವಿಸಬೇಕು. ಛಾವಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ವರ್ಷ ಓರೆಸ್ಟ್ ಅದರ ಎರಡನೇ ಭಾಗ ಆಡಿದ್ದ. ಅದರಲ್ಲೊಬ್ಬಳು ಛತ್ರದ ಯಜಮಾನಿ ಇದ್ದಳಂತೆ. ಇವನು ಅವಳದೊಂದು ಚಮಚ ಕದ್ದ. ಎಷ್ಟೋ ದಿನ ಬಿಟ್ಟು ಅದೇ ದಾರಿಯಲ್ಲಿ ಬಂದರೆ ಅವಳು ಸಾರು ಬಡಿಸಿ, 'ಕೈಯಲ್ಲೇ ಕುಡಿ, ನನ್ನ ಹತ್ತಿರ ಚಮಚ ಇಲ್ಲ' ಅಂದಳಂತೆ. ಈ ಕಥೆಯನ್ನು ನಾನು ಕಡಿಮೆಯೆಂದರೆ ಇನ್ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ 'ಇನ್ನೂರು' ಅಂದರೆ ಅವನು 'ನೂರಾ ಎಂಬತ್ತು' ಅನ್ನುತ್ತಾನೆ.

ಮೂರನೇ ಭಾಗಕ್ಕೆ ಎಂಟು ವರ್ಷ ಕಾಯಿಸಿದರು. ವರ್ಷಕ್ಕೊಂದು ಸಲ ಕಂಪನಿಯ ಮುಖ್ಯಸ್ಥ ಲೆದರ್ ಜಾಕೆಟ್ ಹಾಕಿಕೊಂಡು ವೇದಿಕೆಗೆ ಬಂದು, 'ಈ ಸಲದ ಕಾರ್ವೆನ್‌ನಲ್ಲಿ ಪ್ರತಿಯೊಂದು ಬಾಗಿಲೂ ತೆರೆಯುತ್ತದೆ, ಪ್ರತಿಯೊಬ್ಬ ಮನುಷ್ಯನಿಗೂ ತನ್ನದೇ ಬದುಕಿದೆ' ಎಂದು ಹೇಳುತ್ತಿದ್ದ. ಓರೆಸ್ಟ್ ಅದನ್ನು ಬಾಯಿಪಾಠ ಮಾಡಿ ನೆಲಮಾಳಿಗೆ ನೆಲಮಾಳಿಗೆಯಲ್ಲೂ ಪ್ರವಚನ ಕೊಟ್ಟ. ಒಬ್ಬ ಮುದುಕಿ ಮೂರು ಸ್ವೆಟರ್ ಹಾಕಿಕೊಂಡು ನಡುಗುತ್ತಾ, "ಎಲ್ಲಾ ಬಾಗಿಲೂ ಆಮೇಲೆ ತೆಗಿವಿಯಂತೆ ಮಗಾ, ಮೊದಲು ಈ ಫರ್ನೇಸಿಂದು ತೆಗಿ" ಅಂದಳು.

ಅಂತೂ ಗೇಮ್ ಬಂತು. ಓರೆಸ್ಟ್ ಫ್ರಿಜ್ ತುಂಬ ಪೆರೊಗಿ ಕಡುಬು ತುಂಬಿಸಿಕೊಂಡು, ಫೋನ್ ಆಫ್ ಮಾಡಿ, ಬಾಗಿಲು ಹಾಕಿಕೊಂಡ. ಊರು ನಡುಗಿತು. ನಾನೊಬ್ಬನೇ ದಿನಕ್ಕೆ ಹನ್ನೊಂದು ಮನೆ ಓಡಾಡಿದೆ. ಮೂರನೇ ದಿನ ಚರ್ಚ್ ಹಾಲಿನ ಹಳೇ ಬಾಯ್ಲರ್ ಕೈಕೊಟ್ಟಿತು. ಅದರ ಗುಟ್ಟು ಅವನಿಗೆ ಮಾತ್ರ ಗೊತ್ತು. ಮಧ್ಯಾಹ್ನ ಹೋಗಿ ಅವನ ಬಾಗಿಲು ಬಡಿದೆ.

ತೆಗೆದವನ ಮುಖ ನೋಡಿ ಯಾರೋ ಹೋಗಿಬಿಟ್ಟರು ಅಂದುಕೊಂಡೆ. ಮೈಮೇಲೆ ಸ್ನಾನದ ಗೌನು, ಮೀಸೆಯಲ್ಲಿ ಹುಳಿ ಕೆನೆ.

"ಏನಾಯ್ತೋ?" ಅಂದೆ.

"ಬಾ, ನೋಡು," ಅಂತ ಟೀವಿಯ ಮುಂದೆ ಕೂರಿಸಿದ.

ಪರದೆಯ ಮೇಲೆ ಒಂದು ಹಳ್ಳಿ. ಬಹಳ ಚೆಂದವೇ ಇತ್ತು. ಓರೆಸ್ಟ್ ಒಂದು ಬಾಗಿಲಿಗೆ ಹೋಗಿ ಗುದ್ದಿದ. ತೆಗೆಯಲಿಲ್ಲ. ಇನ್ನೊಂದು. ಅದೂ ಇಲ್ಲ. "ಬಾಗಿಲಲ್ಲ ಕಣೋ ಇದು, ಗೋಡೆ ಮೇಲೆ ಬಾಗಿಲಿನ ಚಿತ್ರ! ಎಂಟು ವರ್ಷ ಕೂತು ಪೇಂಟ್ ಹೊಡೆದಿದ್ದಾರೆ!" ಆಮೇಲೆ ಒಬ್ಬ ಕಮ್ಮಾರನ ಹತ್ತಿರ ಹೋದ. ಕಮ್ಮಾರ, 'ಕಬ್ಬಿಣಕ್ಕೆ ಸುಳ್ಳು ಗೊತ್ತಿಲ್ಲ, ಪ್ರಯಾಣಿಕನೇ' ಅಂದ. ಪಕ್ಕದ ಊರಿಗೆ ಹೋದೆವು. ಅಲ್ಲಿನ ಕಮ್ಮಾರನೂ ಅದನ್ನೇ ಅಂದ. ಮೀನು ಮಾರುವವಳೂ ಅದನ್ನೇ ಅಂದಳು.

"ಅವಳಿಗ್ಯಾಕೆ ಕಬ್ಬಿಣದ ಉಸಾಬರಿ?" ಅಂದೆ.

"ಅದನ್ನೇ ನಾನೂ ಕೇಳ್ತಿರೋದು! ಇಲ್ಲಿ ನೋಡು, ನಿನ್ನೆ ರಾಜನ್ನ ಸಿಂಹಾಸನದ ಮೇಲೇ ಕೊಂದೆ. ಅರಮನೆ ಅಡುಗೆಯವನು ಹೆಣ ದಾಟಿಕೊಂಡು ಬಂದು 'ನಮ್ಮ ರಾಜರು ದಯಾಳುಗಳು' ಅಂತ ನಗ್ತಾನೆ. ಛತ್ರದವಳಿದ್ದಾಳಲ್ಲ, ಅವಳ ಚಮಚ, ತಟ್ಟೆ, ಹಾಸಿಗೆ ಎಲ್ಲಾ ಕದ್ದೆ. ಕಣ್ಣೆದುರಿಗೇ ಕದ್ದೆ ಲಾರ್ನ್! ಅದಕ್ಕವಳು 'ಬನ್ನಿ, ಬೆಚ್ಚಗಿರಿ' ಅಂದ್ಲು."

ಅಷ್ಟರಲ್ಲಿ ಅವನ ಕುದುರೆ ಒಂದು ಮರದೊಳಗೆ ಅರ್ಧ ಹೂತು, ಹಿಂಗಾಲು ಮಾತ್ರ ಹೊರಗಿಟ್ಟುಕೊಂಡು ಗಾಳಿಯಲ್ಲಿ ಓಡತೊಡಗಿತು. ನನಗೆ ನಗು ತಡೆಯಲಾಗಲಿಲ್ಲ. ಓರೆಸ್ಟ್ ನಗಲಿಲ್ಲ. ಕೈಯಲ್ಲಿದ್ದ ರಿಮೋಟನ್ನು ಮೆಲ್ಲಗೆ ನೆಲಕ್ಕಿಟ್ಟ.

"ಸರಿ, ಮುಚ್ಚಿಟ್ಟು ಬಾ. ಬಾಯ್ಲರ್ ಇದೆ," ಅಂದೆ.

"ಪೂರ್ತಿ ಆಡದೆ ಬೈಯೋದು ಮರ್ಯಾದೆ ಅಲ್ಲ," ಅಂದ ಅವನು. ಬಾಯ್ಲರ್ ಸರಿಮಾಡಿ ವಾಪಸ್ ಹೋಗಿ ಮತ್ತೆ ಕೂತ. ಒಟ್ಟು ನೂರಾ ನಲವತ್ತು ಗಂಟೆ ಆಡಿದ. ಇಷ್ಟವಿಲ್ಲದ ಊಟವನ್ನು ತಟ್ಟೆ ನೆಕ್ಕುವವರೆಗೆ ಉಂಡು ಅಡುಗೆಯವಳನ್ನು ಬೈಯುವ ಜಾತಿಯವನು.

ರಜೆ ಮುಗಿಸಿ ಬಂದಮೇಲೆ ಬೈಯುವ ಕೆಲಸ ಶುರುವಾಯಿತು. ಡಿಸೆಂಬರ್, ಜನವರಿ, ಫೆಬ್ರವರಿ. ವ್ಯಾನಿನಲ್ಲಿ ಬೈದ, ಕಾಫಿ ಅಂಗಡಿಯ ಸಾಲಿನಲ್ಲಿ ಬೈದ, ಫರ್ನೇಸಿನೊಳಗೆ ತಲೆ ಹಾಕಿ ಬೈದ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಬೈದನೆಂದು ಕೇಳಿದ್ದೇನೆ. ಕಂಪನಿಗೆ ಹದಿನಾಲ್ಕು ಪುಟದ ಪತ್ರ ಬರೆದ. ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು: 'ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು, ವೀರರೇ!' ಅವನು ಅದನ್ನು ನನಗೆ ತೋರಿಸಿ, "ನೋಡು, ಆ ಮೀನು ಮಾರೋಳನ್ನೇ ಆಫೀಸಲ್ಲೂ ಕೂರಿಸಿದ್ದಾರೆ," ಅಂದ.

ಅವನ ಬಾಯಿ ಮುಚ್ಚಿಸಿದ್ದು ಅವನ ಅಕ್ಕ ಡರಿಯಾ. ಶಾಲೆಯ ಬಸ್ ಓಡಿಸುವ ಹೆಂಗಸು. ನಲವತ್ತು ಮಕ್ಕಳ ಗಲಾಟೆಯನ್ನು ಒಂದು ಕೆಮ್ಮಿನಲ್ಲಿ ನಿಲ್ಲಿಸುತ್ತಾಳೆ. ಭಾನುವಾರದ ಊಟಕ್ಕೆ ನಮ್ಮಿಬ್ಬರನ್ನೂ ಕರೆದಿದ್ದಳು. ಎಲೆಕೋಸಿನ ಸುರುಳಿ ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ, ಓರೆಸ್ಟ್ ಕಮ್ಮಾರನ ವಿಷಯ ಎತ್ತಿದ.

ಡರಿಯಾ ಸೌಟನ್ನು ಪಾತ್ರೆಯ ಮೇಲೆ ಠಣ್ಣನೆ ಬಡಿದಳು. "ಸಾಕು! ಅಮ್ಮ ಸತ್ತಾಗಲೂ ನೀನು ಇಷ್ಟು ದಿನ ಅಳಲಿಲ್ಲ. ರಾಜ್ಯ ಹೇಗಿರಬೇಕು ಅಂತ ಅಷ್ಟೊಂದು ಗೊತ್ತಿದ್ರೆ ನೀನೇ ಒಂದು ಮಾಡು."

"ನನಗೆ ಕಂಪ್ಯೂಟರ್ ಬರಲ್ಲ."

"ಪೆನ್ಸಿಲ್ ಬರುತ್ತಲ್ಲ? ಒಬ್ಬ ಕಥೆ ಹೇಳ್ತಾ, ಮಿಕ್ಕವರು ಅದರೊಳಗಿನ ಪಾತ್ರಗಳಾಗಿ ಮೇಜಿನ ಸುತ್ತ ಕೂತು ದಾಳ ಹಾಕಿಕೊಂಡು ಆಡ್ತಾರಲ್ಲ, ಹಾಗೆ ಮಾಡು. ಇನ್ನು ಈ ಮನೇಲಿ ಕಮ್ಮಾರನ ಹೆಸರೆತ್ತಿದ್ರೆ ಊಟ ಇಲ್ಲ."

ಓರೆಸ್ಟ್ ತಟ್ಟೆ ಹತ್ತಿರಕ್ಕೆಳೆದುಕೊಂಡು ಉಂಡ. ಮಾರನೇ ದಿನವೇ ಆರು ನೋಟ್‌ಬುಕ್ ಕೊಂಡ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಕಾರ್ವೆನ್ ಸುದ್ದಿಯೇ ಇಲ್ಲ. ವ್ಯಾನಿನಲ್ಲಿ ನಾನು ಓಡಿಸುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ತನ್ನದೇ ರಾಜ್ಯ ಬರೆಯುತ್ತಿದ್ದ. ಊಟದ ಹೊತ್ತಿಗೆ ಥಟ್ಟನೆ, "ಚರ್ಮ ಹದಮಾಡೋನಿಗೆ ಎಷ್ಟು ಜನ ಹೆಣ್ಣುಮಕ್ಕಳಿರಲಿ?" ಅನ್ನುತ್ತಿದ್ದ. "ಮೂರು," ಅಂದರೆ, "ಮೂವರಿಗೂ ಹೆಸರು ಹೇಳು," ಅನ್ನುತ್ತಿದ್ದ. ನಾನು ನನ್ನ ಅತ್ತೆ ನಾದಿನಿಯರ ಹೆಸರು ಕೊಟ್ಟು ಬಚಾವಾದೆ.

ಅಕ್ಟೋಬರಿನಲ್ಲಿ ಕರ್ಲಿಂಗ್ ಕ್ಲಬ್ಬಿನ ಗೋಡೆಗೆ ಪೋಸ್ಟರ್ ಅಂಟಿಸಿದ. 'ಪ್ರತಿ ಬಾಗಿಲೂ ತೆರೆಯುತ್ತದೆ. ನಿಜವಾಗಿ.' ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಸಿಕ್ಕಸಿಕ್ಕವರಿಗೆಲ್ಲ, "ನೀವು ಇಂಥದ್ದು ಆಡೇ ಇರಲ್ಲ," ಅಂದ. ನಾನು, "ಒಂದು ಲೆದರ್ ಜಾಕೆಟ್ ಹೊಲಿಸಿಕೊ, ಒಪ್ಪುತ್ತೆ," ಅಂದದ್ದಕ್ಕೆ ಎರಡು ದಿನ ಮಾತಾಡಲಿಲ್ಲ.

ಪೋಸ್ಟರ್ ನೋಡಿ ಬಂದವರು ಮೂವರು. ನಾನು ಬಂದದ್ದು ದಾಕ್ಷಿಣ್ಯಕ್ಕೆ, ಡರಿಯಾ ಬಂದದ್ದು ತಾನೇ ಹಚ್ಚಿದ ಬೆಂಕಿ ಎಂಬ ಭಯಕ್ಕೆ. ಮೂರನೆಯವಳು ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುವ ಇರ್ಮಾ. ಎಪ್ಪತ್ತು ದಾಟಿದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮಹಡಿಯ ಕೋಣೆಯಲ್ಲಿ ಸೇರಿದೆವು. ಗಾಜಿನಾಚೆ ಕೆಳಗೆ ಜನ ಕರ್ಲಿಂಗ್ ಆಟದಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುತ್ತಾ, ಅದರ ಮುಂದೆ ಪೊರಕೆ ಉಜ್ಜುತ್ತಾ ಕೂಗಾಡುತ್ತಿದ್ದರು. ನಾನು ಕುಳ್ಳ ಕಳ್ಳನಾದೆ. ಡರಿಯಾ ಮಂತ್ರವಾದಿನಿ. "ನಾನು ಅಡುಗೆಯವಳೇ ಆಗ್ತೀನಪ್ಪ, ಈ ವಯಸ್ಸಲ್ಲಿ ಹೊಸ ಕಸುಬು ಕಲಿಯಕ್ಕಾಗಲ್ಲ," ಅಂದಳು ಇರ್ಮಾ.

ಓರೆಸ್ಟ್ ಹೇಳುವ ಕಥೆಯಲ್ಲಿ ಊರಿನ ಹೆಬ್ಬಾಗಿಲಿಗೆ ಬಂದೆವು. ಅಲ್ಲೊಬ್ಬ ಕಾವಲುಗಾರ, ಹೆಸರು ಟೊಬಿನ್. ಅವನನ್ನು ನಾನು, "ಊರಲ್ಲೇನು ಸಮಾಚಾರ?" ಎಂದು ಕೇಳಿದ್ದೇ ತಪ್ಪಾಯಿತು. ಓರೆಸ್ಟ್ ನೋಟ್‌ಬುಕ್ ತೆರೆದ. ಟೊಬಿನ್‌ನ ಮೊಣಕಾಲು ನೋವು, ಅದಕ್ಕೆ ಹಚ್ಚುವ ಎಣ್ಣೆ, ಎಣ್ಣೆ ಕೊಟ್ಟ ಭಾವಮೈದುನ, ಭಾವಮೈದುನ ಎತ್ತಿಕೊಂಡು ಹೋದ ಮೇಕೆ, ಆ ಮೇಕೆಯ ತಾಯಿ. ನಲವತ್ತು ನಿಮಿಷ. ಆ ಶನಿವಾರ ನಾವು ಹೆಬ್ಬಾಗಿಲು ದಾಟಲಿಲ್ಲ.

ಎರಡನೇ ವಾರ ದಾಟಿದೆವು. ಬಾಗಿಲುಗಳು ನಿಜವಾಗಿಯೂ ತೆರೆದವು. ಒಂದೊಂದು ಬಾಗಿಲ ಹಿಂದೆಯೂ ಒಬ್ಬೊಬ್ಬರು ಕೂತಿದ್ದರು, ಒಬ್ಬೊಬ್ಬರಿಗೂ ಒಂದೊಂದು ಬದುಕಿತ್ತು, ಯಾರೂ ನಮ್ಮನ್ನು ಬಿಡಲೊಲ್ಲರು. ಚರ್ಮ ಹದಮಾಡುವವನ ಮೂವರು ಹೆಣ್ಣುಮಕ್ಕಳ ಜಗಳ ತೀರಿಸುವುದರಲ್ಲೇ ಎರಡು ಶನಿವಾರ ಹೋಯಿತು. ನನ್ನ ನಿಜವಾದ ನಾದಿನಿಯರ ಜಗಳವನ್ನೇ ನಾನು ತೀರಿಸಿದವನಲ್ಲ. ಐದನೇ ವಾರ ಡರಿಯಾ ಮೇಜಿನ ಮೇಲೆ ದಾಳ ಕುಕ್ಕಿದಳು.

"ಓರೆಸ್ಟ್, ನಾನು ಮಂತ್ರವಾದಿನಿ ತಾನೆ? ಐದು ವಾರದಲ್ಲಿ ಒಂದು ಮಂತ್ರ ಹಾಕಿಲ್ಲ. ಒಂದು ಇಲಿ ಸುಡಕ್ಕೂ ಅವಕಾಶ ಕೊಟ್ಟಿಲ್ಲ ನೀನು."

"ಊರಿನ ಜನರನ್ನ ಅರ್ಥ ಮಾಡ್ಕೊಳ್ದೆ ಮಂತ್ರ ಹಾಕಿದ್ರೆ ಏನು ಬಂತು?"

"ನಾನು ದಿನಾ ನಲವತ್ತು ಮಕ್ಕಳನ್ನ ಅರ್ಥ ಮಾಡ್ಕೋತೀನಿ. ಶನಿವಾರ ಸುಡಬೇಕು ಅನ್ಸುತ್ತೆ."

ಇರ್ಮಾ ಆಗಲೇ ಕುರ್ಚಿಯನ್ನು ಗಾಜಿನ ಕಡೆ ತಿರುಗಿಸಿ ಕೆಳಗಿನ ಆಟ ನೋಡುತ್ತಿದ್ದಳು. ಆರನೇ ವಾರ ಅವಳಿಗೆ ಅಡುಗೆಮನೆಯಲ್ಲಿ ಕೆಲಸ ಬಂತು, ಡರಿಯಾಗೆ ಹಲ್ಲುನೋವು ಬಂತು. ಓರೆಸ್ಟ್ ಮತ್ತು ನಾನು ಮಹಡಿಯಲ್ಲಿ ಎದುರುಬದುರು ಕೂತೆವು. ಅವನು ನೋಟ್‌ಬುಕ್ ತೆರೆದು, ಮುಚ್ಚಿ, ಮನೆಗೆ ಹೋದ.

ಸೋಮವಾರ ಪಕ್ಕದೂರು ಗಿಲ್ಬರ್ಟ್ ಪ್ಲೇನ್ಸ್ ಕಡೆ ಹೋಗುವಾಗ ವ್ಯಾನಿನಲ್ಲಿ ಕೇಳಿದ: "ಡರಿಯಾಗೆ ನಿಜವಾಗ್ಲೂ ಹಲ್ಲುನೋವಾ?"

"ಇಲ್ಲ."

"ಮತ್ತೆ?"

ಹತ್ತೊಂಬತ್ತು ವರ್ಷದ ಸ್ನೇಹ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಬೋರು ಹೊಡೀತಿದೆ ಕಣೋ. ಎಲ್ಲರಿಗೂ. ನನಗೂ."

ಓರೆಸ್ಟ್ ರೇಡಿಯೋ ಆರಿಸಿದ. ಹೊರಗೆ ಬಿಳೀ ಹೊಲ, ಬಿಳೀ ಆಕಾಶ. ಬೈದಿದ್ದರೆ ವಾಸಿಯಿತ್ತು. ಗಿರಾಕಿಯ ಮನೆ ತಲುಪಿ, ನೆಲಮಾಳಿಗೆಗೆ ಇಳಿದು, ಫರ್ನೇಸಿನ ಕೆಳಗೆ ಅಂಗಾತ ಮಲಗಿ ಕೆಲಸ ಶುರುಮಾಡಿದ. ನನಗೆ ಅವನ ಬೂಟು ಮಾತ್ರ ಕಾಣುತ್ತಿತ್ತು. ಬೂಟಿನ ಕಡೆಯಿಂದ ಮಾತು ಬಂತು.

"ಯಾವ ಭಾಗ?"

"ಏನು?"

"ಯಾವ ಭಾಗ ಬೋರು ಅಂತ ಕೇಳ್ದೆ."

"ಮೇಕೆ ವಿಷಯ ಸ್ವಲ್ಪ ಜಾಸ್ತಿ ಆಯ್ತು."

"ಮೇಕೆನಾ?" ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಾಯಿತು. "ಮೇಕೆಗೆ ಮೂರು ವಾರ ತಗೊಂಡಿದ್ದೆ ನಾನು." ಅದನ್ನು ಎತ್ತಿಕೊಂಡು, "ಮತ್ತೆ?" ಅಂದ.

ಹೇಳಿದೆ. ಒಂದೊಂದಾಗಿ ಎಲ್ಲ ಹೇಳಿದೆ. ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಮಲಗಿದಲ್ಲೇ ಫರ್ನೇಸಿನ ತಳದ ತಗಡಿನ ಮೇಲೆ ಬರೆದುಕೊಂಡ. ಆ ಬರಹ ಇವತ್ತಿಗೂ ಆ ಮನೆಯಲ್ಲಿದೆ.

ಮುಂದಿನ ಶನಿವಾರ ಡರಿಯಾಳನ್ನು ನಾನೇ ಕಾರಿನಲ್ಲಿ ಎಳೆತಂದೆ. ಇರ್ಮಾ ಏಪ್ರನ್ ಬಿಚ್ಚದೆ, "ಹತ್ತೇ ನಿಮಿಷ" ಅಂತ ಕೂತಳು. ಓರೆಸ್ಟ್ ನೋಟ್‌ಬುಕ್ ತಂದಿರಲಿಲ್ಲ. ಬರಿಗೈ.

"ಬೆಳಿಗ್ಗೆ," ಅಂತ ಶುರುಮಾಡಿದ. "ಟೊಬಿನ್ ನಿಮಗೆ ಕೈಬೀಸಿ ನಗ್ತಾನೆ. ಆಕಾಶದಿಂದ ಡ್ರ್ಯಾಗನ್ ಇಳಿದು ಟೊಬಿನ್‌ನ ಒಂದೇ ತುತ್ತಿಗೆ ನುಂಗುತ್ತೆ."

"ಅಯ್ಯೋ!" ಇರ್ಮಾ ಎದ್ದೇ ನಿಂತಳು. "ಪಾಪಿ! ಅವನ ಮೊಣಕಾಲು ಈಗಷ್ಟೇ ವಾಸಿಯಾಗ್ತಿತ್ತಲ್ಲೋ!"

ಓರೆಸ್ಟ್ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. ಇರ್ಮಾ ಬಾಣಲೆ ಎತ್ತಿಕೊಂಡು ಡ್ರ್ಯಾಗನ್ ಹಿಂದೆ ಓಡುವುದಾಗಿ ಸಾರಿದಳು. ಡರಿಯಾ ಕೊನೆಗೂ ಮಂತ್ರ ಹಾಕಿದಳು. ಗುರಿ ತಪ್ಪಿ ಚರ್ಮ ಹದಮಾಡುವವನ ಮನೆ, ಛತ್ರ, ಧಾನ್ಯದ ಕಣಜ ಎಲ್ಲ ಉರಿದುಹೋದವು. ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡೇ ಇರಲಿಲ್ಲ. ನನ್ನ ಕುಳ್ಳ ಕಳ್ಳ ಒಂದು ಕಿವಿ ಕಳೆದುಕೊಂಡ. ಕೂಗಾಟ ಕೇಳಿ ಕೆಳಗೆ ಪೊರಕೆ ಹಿಡಿದಿದ್ದವರು ಆಟ ನಿಲ್ಲಿಸಿ ಮೇಲೆ ನೋಡಿದರು.

ಮುಗಿಯುವ ಹೊತ್ತಿಗೆ ಓರೆಸ್ಟ್‌ನ ಅಂಗಿ ಬೆವರಿನಿಂದ ತೊಯ್ದಿತ್ತು. ಯಾರನ್ನೂ ಏನೂ ಕೇಳದೆ ದಾಳಗಳನ್ನು ಡಬ್ಬಿಗೆ ತುಂಬುತ್ತಿದ್ದ. ಡರಿಯಾ ಕೋಟು ಹಾಕಿಕೊಂಡು ಮೆಟ್ಟಿಲ ಹತ್ತಿರ ತಿರುಗಿ ನಿಂತಳು.

"ಪರವಾಗಿಲ್ಲ," ಅಂದಳು. "ಆದ್ರೆ ಡ್ರ್ಯಾಗನ್ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು."

"ದೊಡ್ಡದಾ? ಅದಕ್ಕಿಂತ ದೊಡ್ಡದಾದ್ರೆ ಹಾರಕ್ಕಾಗಲ್ಲ! ರೆಕ್ಕೆ ಲೆಕ್ಕ ಹಾಕಿದ್ದೀನಿ ನಾನು!"

"ನಿನ್ನ ರೆಕ್ಕೆ ಯಾರಿಗೆ ಬೇಕು?"

ಅಣಕಿಸುತ್ತಾ ಅವಳು ಇಳಿದಳು, ವಾದಿಸುತ್ತಾ ಅವನೂ ಹಿಂದೆಯೇ ಇಳಿದ. ನಾನು ಪಾರ್ಕಿಂಗ್‌ಗೆ ಬಂದಾಗ ಮೈನಸ್ ಮೂವತ್ತೆರಡರಲ್ಲಿ ಅವನು ಟೋಪಿ ಇಲ್ಲದೆ, ಎರಡೂ ತೋಳು ಅಗಲಿಸಿ ಅಕ್ಕನಿಗೆ ರೆಕ್ಕೆಯ ಅಳತೆ ತೋರಿಸುತ್ತಿದ್ದ. ನಾನು ಕಾರು ಸ್ಟಾರ್ಟ್ ಮಾಡಿ ಹೀಟರ್ ಹಾಕಿಕೊಂಡು ಒಳಗೆ ಕೂತೆ.