ಅಮ್ಮನ ಕೈಗೆ ನಾನು ಅಂಟಿಸಿದ ರೋಗ

ನನ್ನ ಅಮ್ಮನ ಕೈಗೆ ಯಾವ ರೋಗವೂ ಇಲ್ಲ. ಅಂಟುವ ಚರ್ಮರೋಗವಿದೆ ಎಂದು ಗಂಡನ ಮನೆಯವರನ್ನು ನಂಬಿಸಿದವಳು ನಾನು — ಅದೂ ನನ್ನ ರೋಸ್‌ನ ದಿನ.

ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನೆಣ್ಣೆ, ಕಾಯಿಹಾಲು ಹಚ್ಚಿ ಹರಸುವುದು ನಮ್ಮ ಕೊಂಕಣಿ ಕ್ರೈಸ್ತರ ಪದ್ಧತಿ, ಅದೇ ರೋಸ್. ಮೊದಲು ಹಚ್ಚುವುದು ಹೆತ್ತವರು. ಅಮ್ಮ ಗಲ್ಫಿನಲ್ಲಿ, ಹಮ್ದಾನ್ ಸ್ಟ್ರೀಟಿನ ಫ್ಲ್ಯಾಟುಗಳಲ್ಲಿ ಬಾತ್‌ರೂಮ್ ತೊಳೆದು ನನ್ನನ್ನು ಓದಿಸಿದವಳು. ಬ್ಲೀಚಿಗೆ ಬೆರಳುಗಳು ಒಡೆದು, ಅಂಗೈ ಸುಲಿದಿತ್ತು. ಆ ಕೈ ಮುಖದ ಹತ್ತಿರ ಬಂದಾಗ — ಹೇಳಲೂ ಹೇಸಿಗೆ — ನಾನು ಮೂಗು ಮುರಿದು ಹಿಂದೆ ಸರಿದೆ. ಅವಳು ಆಸ್ಪತ್ರೆಯ ಆಫೀಸಿನಲ್ಲಿದ್ದಾಳೆಂದು ಗಂಡನ ಮನೆಯವರಿಗೆ ಮೊದಲೇ ಸುಳ್ಳು ಹೇಳಿದ್ದೆ. ರೋಸ್‌ಗೆ ಬಂದಿದ್ದ ಅತ್ತೆ ಆ ಕೈಯನ್ನೇ ನೋಡುತ್ತಿದ್ದರು.

"ನೀನು ಹಚ್ಚುವುದು ಬೇಡ ಮಮ್ಮಿ. ನಿನ್ನದು ಅಂಟುವ ಕಾಯಿಲೆ ಅಲ್ವಾ?" ಎಂದೆ, ಎಲ್ಲರಿಗೂ ಕೇಳುವಂತೆ.

ಅಮ್ಮ ನನ್ನ ಮುಖ ನೋಡಿದಳು. "ಹೌದಲ್ಲ ಮಾರಾಯ್ತಿ, ನಂಗೆ ಮರ್ತೇ ಹೋಯ್ತು," ಎಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನಗೆ ಎರಡೇ ಸಾಕಾದವು. ಅಂದಿನಿಂದ ಅಲ್ ನಹ್ದಾದ ನಮ್ಮ ಮನೆಗೆ ಬಂದರೆ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ನನ್ನ ಮಗಳು ರಿಯಾಳನ್ನು ಅವಳು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. "ಅಜ್ಜಿಯನ್ನು ಮುಟ್ಟಬೇಡ" ಎಂದು ಅತ್ತೆ ಹೇಳುವಾಗ ನಾನು — ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಥೂ, ಎಂಥ ಹೆಣ್ಣು ನಾನು!

ಕಳೆದ ತಿಂಗಳು ಅಮ್ಮನನ್ನು ಕರೆತರಲು ಅವಳು ಕೆಲಸ ಮಾಡುವ ಮನೆಗೆ, ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಹೋಗಿದ್ದೆ. ಅಲ್ಲಿ ಮಗನ ಜೊತೆ ಇರುವ ಇಂಗ್ಲಿಷ್ ಮುದುಕಿ ತನ್ನ ತಾಯಿಯ ಹಳೆಯ ಫೋಟೋ ತೋರಿಸಿದಳು. ನೂರು ವರ್ಷದ ಹಿಂದೆ ಲಂಡನ್ನಿನ ಸಿರಿವಂತರ ಮನೆಗಳಲ್ಲಿ ಮೆಟ್ಟಿಲು ಉಜ್ಜಿ, ಅವರ ಮೂತ್ರದ ಪಾತ್ರೆ ತೊಳೆದವಳಂತೆ. ವಾಷಿಂಗ್ ಸೋಡಾದ ನೀರಿಗೆ ಕೈ ಒಡೆದು, ಹಿಟ್ಟಿಗೆ ರಕ್ತ ತಾಗದಿರಲೆಂದು ಚಿಂದಿ ಸುತ್ತಿಕೊಂಡು ಮಕ್ಕಳಿಗೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳಂತೆ. "ನಿನ್ನ ತಾಯಿಯದೂ ಅಂಥದೇ ಕೈ," ಎಂದು ಮುದುಕಿ ಅಮ್ಮನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನಾನು ಬಾಗಿಲ ಬಳಿ ನಿಂತೇ ಇದ್ದೆ.

ಮನೆಗೆ ಬಂದು ಎಲ್ಲರ ಎದುರು ನಿಜ ಹೇಳಿದೆ. ಅತ್ತೆ ಎದ್ದು ಒಳಗೆ ಹೋದರು. ರಿಯಾಳನ್ನು ಕರೆದು, "ಅಜ್ಜಿಯ ಕೈ ಹಿಡಿ," ಎಂದೆ. ಅಮ್ಮ ಹೆದರುತ್ತಲೇ ಕೈ ಚಾಚಿದಳು.

"ನೋ ಮಮ್ಮಾ! ಇಟ್ಸ್ ಡರ್ಟಿ," ಎಂದು ಮಗು ಹಿಂದೆ ಸರಿಯಿತು.

"ಇರ್ಲಿ ಬಿಡು. ಸಣ್ಣ ಮಗು, ಅದಕ್ಕೆಂತ ಗೊತ್ತುಂಟು?" ಎಂದಳು ಅಮ್ಮ.

ಮಗುವನ್ನು ಯಾವ ಬಾಯಿಂದ ಬೈಯಲಿ? ಆ ಕೈ ಕಂಡು ಮೂಗು ಮುರಿಯುವುದನ್ನು ಈ ಮನೆಗೆ ಕಲಿಸಿದವಳು ನಾನೇ.